ಮೆಥಿಲೀನ್ ಬ್ಲೂ ಹಿಡಿಯುವ ಮರದ ಹೊಟ್ಟು ರಿಯಾಕ್ಟಿವ್ ಕೆಂಪನ್ನು ಯಾಕೆ ಬಿಡುತ್ತದೆ?

ನೀರಿನಲ್ಲಿ ಕರಗಿದ ಬಣ್ಣ ತೆಗೆಯುವ ಪ್ರಯೋಗದಲ್ಲಿ, ಸಿಟ್ರಿಕ್ ಆಮ್ಲ ಹಾಕಿ ಕಾಯಿಸಿದ ಹೊಟ್ಟು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ತೆಗೆಯಿತು, ಹತ್ತಿ ಬಟ್ಟೆಗೆ ಹಾಕುವ ರಿಯಾಕ್ಟಿವ್ ಕೆಂಪನ್ನು ಮುಟ್ಟಲಿಲ್ಲ, ನೀರು ಬೇರೆ ಕಂದಾಯಿತು ಎಂದಿದ್ದೀರಿ. ಸಿಟ್ರಿಕ್ ಆಮ್ಲ ಹೊಟ್ಟಿಗೆ ಕಾರ್ಬಾಕ್ಸಿಲ್ ಎಂಬ ಆಮ್ಲೀಯ ಪರಮಾಣು ಗುಂಪುಗಳನ್ನು ಕೂಡಿಸುತ್ತದೆ. ನೀರಿನಲ್ಲಿ ಅವು ಋಣಾವೇಶ ಹೊತ್ತಿರುತ್ತವೆ. ಮೆಥಿಲೀನ್ ಬ್ಲೂ ಧನಾವೇಶದ ಬಣ್ಣ, ಅಂಟಿತು. ರಿಯಾಕ್ಟಿವ್ ಬಣ್ಣದಲ್ಲಿರುವುದು ಸಲ್ಫೊನೇಟ್ ಗುಂಪು, ಅದೂ ಋಣವೇ, ಹಾಗಾಗಿ ಹೊಟ್ಟು ಅದನ್ನು ದೂರ ತಳ್ಳುತ್ತದೆ. ಹಾಗಾಗಿ ಹೊಟ್ಟಿನ ಪ್ರಮಾಣ ಎಷ್ಟೇ ಹೆಚ್ಚಿಸಿದರೂ ಹೆಚ್ಚು ಲಾಭವಿಲ್ಲ, ಅದರ ಮೇಲ್ಮೈಯನ್ನೇ ಬದಲಿಸಬೇಕು.

ಮೊದಲು ಕಂದುಬಣ್ಣದ ವಿಚಾರ. ಅದು ಮರದ ಟ್ಯಾನಿನ್. 0.25ರಿಂದ 0.5 ಮಿ.ಮೀ. ಗಾತ್ರಕ್ಕೆ ಜರಡಿ ಹಿಡಿದ 10 ಗ್ರಾಂ ಹೊಟ್ಟನ್ನು ಬಿಸಿನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಆಮೇಲೆ ಲೀಟರಿಗೆ 4 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿದ 200 ಮಿ.ಲೀ. ದ್ರಾವಣದಲ್ಲಿ ಒಂದು ಗಂಟೆ ಕಲಕಿ. ಸೋಸಿದ ನೀರು ತಿಳಿಯಾಗಿ, ಪಿಎಚ್ 7ಕ್ಕೆ ಬರುವವರೆಗೂ ತೊಳೆಯುತ್ತಲೇ ಇರಿ. ಬಹಳ ಜನ ಅವಸರ ಮಾಡಿ ಕೆಡಿಸಿಕೊಳ್ಳುವುದು ಇಲ್ಲೇ.

ರಿಯಾಕ್ಟಿವ್ ಬಣ್ಣಕ್ಕೆ ಈ ತೊಳೆದ ಹೊಟ್ಟು ಸಾಕು, ಸಿಟ್ರಿಕ್ ಆಮ್ಲ ಬೇಡ. 200 ಮಿ.ಲೀ. ನೀರನ್ನು 40 ಡಿಗ್ರಿಗೆ ಬಿಸಿಮಾಡಿ 4 ಗ್ರಾಂ ಸೀಟ್ಯಾಬ್ (CTAB, ಧನಾವೇಶ ಹೊತ್ತ ಸಾಬೂನಿನಂಥ ರಾಸಾಯನಿಕ) ಕರಗಿಸಿ (ತಣ್ಣೀರಲ್ಲಿ ಅದು ಹರಳಾಗಿ ಕೂರುತ್ತದೆ), ಹೊಟ್ಟು ಹಾಕಿ ರಾತ್ರಿಯಿಡೀ ಕಲಕಿ. ಸೀಟ್ಯಾಬ್ ಎರಡು ಪದರವಾಗಿ ಕೂತರೆ ಮಾತ್ರ ಮೇಲ್ಮೈ ಧನಾವೇಶಕ್ಕೆ ತಿರುಗುತ್ತದೆ. ಕಡಿಮೆ ಹಾಕಿದರೆ ಒಂದೇ ಪದರವಾಗಿ, ಹೊಟ್ಟು ನೀರಲ್ಲಿ ನೆನೆಯದೆ ತೇಲುತ್ತದೆ. ನಂತರ ತೊಳೆದ ನೀರನ್ನು ಬಾಟಲಿಯಲ್ಲಿ ಕುಲುಕಿ ನೋಡಿ. ನೊರೆ ಬಂದರೆ ಇನ್ನೂ ತೊಳೆಯಬೇಕು, ಏಕೆಂದರೆ ಸೀಟ್ಯಾಬ್ ಮೀನಿಗೆ ವಿಷ. ಸೀಟ್ಯಾಬ್ ಹೊಟ್ಟಿಗೆ ಕೇವಲ ಆಕರ್ಷಣೆಯಿಂದ ಅಂಟಿರುವುದರಿಂದ ನಿಧಾನವಾಗಿ ಬಿಟ್ಟುಕೊಳ್ಳುತ್ತದೆ. ಪ್ರಯೋಗಾಲಯಕ್ಕೆ ಸರಿ, ಹೊರಗೆ ಬಿಡುವ ನೀರಿಗಾದರೆ ಮರದ ನಾರಾದ ಸೆಲ್ಯುಲೋಸ್‌ಗೇ ರಾಸಾಯನಿಕವಾಗಿ ಬಂಧಿಸಿದ ಕ್ವಾಟರ್ನರಿ ಅಮೋನಿಯಂ ಎಂಬ ಧನಾವೇಶದ ಗುಂಪನ್ನೇ ನಾನು ಆರಿಸುತ್ತೇನೆ.

ಪರೀಕ್ಷೆಗೆ ಲೀಟರಿಗೆ 50 ಮಿ.ಗ್ರಾಂ ಬಣ್ಣವಿರುವ 50 ಮಿ.ಲೀ. ದ್ರಾವಣಕ್ಕೆ 0.1 ಗ್ರಾಂ ಹೊಟ್ಟು ಹಾಕಿ ಎರಡು ಗಂಟೆ ಅಲ್ಲಾಡಿಸಿ. ಸಾಂದ್ರತೆ 5ಕ್ಕೆ ಇಳಿದರೆ ಗ್ರಾಂಗೆ 22.5 ಮಿ.ಗ್ರಾಂ ಹಿಡಿದಂತೆ. ಜೊತೆಗೆ ಬಣ್ಣವಿಲ್ಲದ ನೀರಿಗೂ ಅಷ್ಟೇ ಹೊಟ್ಟು ಹಾಕಿಟ್ಟು, ಅದರ ರೀಡಿಂಗ್ ಕಳೆಯಿರಿ. ಮೆಥಿಲೀನ್ ಬ್ಲೂವನ್ನು ಫಿಲ್ಟರ್ ಕಾಗದದಲ್ಲಿ ಸೋಸಬೇಡಿ, ಕಾಗದವೂ ಸೆಲ್ಯುಲೋಸ್, ಬಣ್ಣ ಹಿಡಿಯುತ್ತದೆ. ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಹೊಟ್ಟನ್ನು ತಳಕ್ಕೆ ಕೂರಿಸಿ), ಮೇಲಿನ ನೀರು ಎಷ್ಟು ಬೆಳಕು ಹೀರುತ್ತದೆಂದು 664 ನ್ಯಾನೊಮೀಟರಿನಲ್ಲಿ ಅಳೆಯಿರಿ.

ಬಟ್ಟಿ ಇಳಿಸಿದ ನೀರಿನಲ್ಲಿ ಬಂದ ಅಂಕಿಯನ್ನು ಹಾಗೇ ನಂಬಬೇಡಿ. ರಿಯಾಕ್ಟಿವ್ ಬಣ್ಣದ ತೊಟ್ಟಿಯ ನೀರಿನಲ್ಲಿ ಉಪ್ಪು, ಕ್ಷಾರ ಎರಡೂ ಧಾರಾಳ. ಕ್ಲೋರೈಡ್, ಸಲ್ಫೇಟ್ ಅಯಾನುಗಳು ಬಣ್ಣ ಕೂರಬೇಕಾದ ಜಾಗಕ್ಕೇ ಪೈಪೋಟಿ ನಡೆಸುತ್ತವೆ. ಲೀಟರಿಗೆ 40 ಗ್ರಾಂ ಉಪ್ಪು ಬೆರೆಸಿ, ಪಿಎಚ್ 10ಕ್ಕೆ ಏರಿಸಿ ಅದೇ ಪರೀಕ್ಷೆ ಮತ್ತೆ ಮಾಡಿ.