ದಕ್ಕೆಯಲ್ಲಿ ಸ್ತಬ್ಧವಾಗುವ ಆ್ಯಪ್

ಪ್ರಶ್ನೆ: ಮಲ್ಪೆ ಬಂದರಿನಲ್ಲಿ ಮೀನಿನ ಏಲಂ ಲೆಕ್ಕ ಬರೆದಿಡಲು ಆಂಡ್ರಾಯ್ಡ್ ಆ್ಯಪ್ ಮಾಡಿಕೊಟ್ಟಿದ್ದೇನೆ. ಬುಟ್ಟಿ, ದರ ನಮೂದಿಸಿ ‘ಉಳಿಸು’ ಒತ್ತಿ ಮುಂದಿನ ಪುಟಕ್ಕೆ ಹೋದೊಡನೆ ಕೆಲವರ ಹಳೆಯ ಫೋನ್‌ಗಳಲ್ಲಿ ಪರದೆ ಅಲ್ಲಾಡುವುದಿಲ್ಲ. ಆಮೇಲೆ ‘ಆ್ಯಪ್ ಪ್ರತಿಕ್ರಿಯಿಸುತ್ತಿಲ್ಲ’ ಎಂದು ಬರುತ್ತದೆ. ನನ್ನ ಫೋನ್‌ನಲ್ಲಿ ಒಮ್ಮೆಯೂ ಹೀಗಾಗಿಲ್ಲ. ಆಂಡ್ರಾಯ್ಡ್‌ನದೇ ದೋಷವೆಂದು ಗೂಗಲ್‌ಗೆ ದೂರು ಕೊಡಬಹುದೇ?
– ಓದುಗರು, ಕಲ್ಯಾಣಪುರ

ಉತ್ತರ: ಕೊಡಬಹುದು, ಆದರೆ ಇವತ್ತೇ ಬೇಡ. ಮಂಗಳೂರಿನ ದಕ್ಕೆಯಲ್ಲಿ (ಬೋಟುಗಳಿಂದ ಮೀನು ಇಳಿಸುವ ಕಟ್ಟೆ) ಏಲಂ ನೋಡುತ್ತಲೇ ಬೆಳೆದವನು ನಾನು. ಬಂಗುಡೆಯ ದರ ಕೂಗುವವರು ಯಾರ ಫೋನಿಗೂ ಕಾಯುವುದಿಲ್ಲ. ಆದ್ದರಿಂದ ನಿಮ್ಮ ಪತ್ರವನ್ನು ಈ ವಾರ ಮೊದಲಿಗೆ ಎತ್ತಿಕೊಂಡಿದ್ದೇನೆ.

ಪರದೆ ಮುಟ್ಟಿ 5 ಸೆಕೆಂಡ್ ಕಳೆದರೂ ಆ್ಯಪ್‌ನ ಮುಖ್ಯ ಥ್ರೆಡ್ (ಪರದೆಯನ್ನು ನಡೆಸುವ ಕೆಲಸದ ಸಾಲು) ಅದಕ್ಕೆ ಓಗೊಡದಿದ್ದರೆ ಆಂಡ್ರಾಯ್ಡ್ ಆ ಸಂದೇಶ ತೋರಿಸುತ್ತದೆ. ಆ್ಯಪ್ ಸತ್ತಿಲ್ಲ, ಯಾವುದರಲ್ಲೋ ಸಿಕ್ಕಿಕೊಂಡಿದೆ. ಎಲ್ಲಿ ಎಂಬುದು ಆ ಫೋನ್‌ನೊಳಗೇ ದಾಖಲಾಗಿರುತ್ತದೆ. ತೊಂದರೆ ಕೊಟ್ಟ ಫೋನನ್ನೇ ಕೇಳಿ ಪಡೆಯಿರಿ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಬಾರಿ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿಂದ ಬಗ್ ರಿಪೋರ್ಟ್, ಅಂದರೆ ಫೋನ್‌ನ ದೋಷ ವರದಿ ತೆಗೆಯಿರಿ. ಸಿಗುವ ಜಿಪ್ ಫೈಲಿನಲ್ಲಿ ‘ಎಎನ್‌ಆರ್’ (ಆ್ಯಪ್ ಪ್ರತಿಕ್ರಿಯಿಸುತ್ತಿಲ್ಲ ಎಂಬುದರ ಇಂಗ್ಲಿಷ್ ಹ್ರಸ್ವರೂಪ) ಎಂಬ ಫೋಲ್ಡರ್ ಇರುತ್ತದೆ. ಅದರೊಳಗಿನ ದಾಖಲೆಯೇ ಟ್ರೇಸ್. ಅದರಲ್ಲಿ ನಿಮ್ಮ ಆ್ಯಪ್‌ನ ‘ಮೇನ್’ ಥ್ರೆಡ್ ಹುಡುಕಿ. ‘ಬ್ಲಾಕ್ಡ್’ ಎಂದಿದ್ದರೆ ಬೇರೊಂದು ಥ್ರೆಡ್ ಬೀಗ ಹಿಡಿದು ಕೂತಿದೆ. ಅದರ ಸಂಖ್ಯೆಯೂ ಪಕ್ಕದಲ್ಲೇ ಇರುತ್ತದೆ. ‘ರನ್ನಬಲ್’ ಎಂದಿದ್ದರೆ ಹೆಚ್ಚಾಗಿ ಅಲ್ಲಿ ಓಡುತ್ತಿರುವುದು ನಿಮ್ಮದೇ ಕೋಡ್.

ನಿಮ್ಮ ವಿವರಣೆ ಓದಿದಾಗ ನನ್ನ ಅನುಮಾನ ಹೋಗುವುದು ಶೇರ್ಡ್ ಪ್ರಿಫರೆನ್ಸಸ್ (ಆ್ಯಪ್‌ನ ಸಣ್ಣ ಸೆಟ್ಟಿಂಗ್‌ಗಳನ್ನು ಉಳಿಸಿಡುವ ಫೈಲ್) ಕಡೆಗೆ. ಏಲಂ ಲೆಕ್ಕವನ್ನೆಲ್ಲ ಅದರಲ್ಲೇ ತುಂಬಿ, ಉಳಿಸಲು ‘ಅಪ್ಲೈ’ ಎಂಬ ಆದೇಶ ಕರೆಯುತ್ತಿದ್ದೀರಾ? ‘ಅಪ್ಲೈ’ ಬರೆಯುವ ಕೆಲಸವನ್ನು ಹಿನ್ನೆಲೆಗೆ ತಳ್ಳುತ್ತದೆ, ನಿಜ. ಆದರೆ ಒಂದು ಪುಟದ ಆ್ಯಕ್ಟಿವಿಟಿ ನಿಲ್ಲುವಾಗ, ಬಾಕಿಯಿರುವ ಬರಹ ಮುಗಿಯುವವರೆಗೆ ಆಂಡ್ರಾಯ್ಡ್ ಮುಖ್ಯ ಥ್ರೆಡ್ಡನ್ನೇ ಕಾಯಿಸುತ್ತದೆ. ಅದೂ ಒಂದು ಸಾಲು ಬದಲಾದರೆ ಇಡೀ ಫೈಲನ್ನು ಮತ್ತೆ ಬರೆಯುತ್ತದೆ. ವಿಡಿಯೊಗಳಿಂದ ತುಂಬಿ ತುಳುಕುವ ಹಳೆಯ ಫೋನ್‌ನಲ್ಲಿ ಇದಕ್ಕೆ ಕೆಲವು ಸೆಕೆಂಡ್ ಹಿಡಿಯಬಹುದು. ನಿಮ್ಮ ಹೊಸ ಫೋನ್‌ನಲ್ಲಿ ಅದು ಗೊತ್ತೇ ಆಗುವುದಿಲ್ಲ. ಟ್ರೇಸ್‌ನಲ್ಲಿ ‘ಕ್ಯೂಡ್‌ವರ್ಕ್’, ‘ವೇಟ್ ಟು ಫಿನಿಶ್’ ಎಂದು ಕಂಡರೆ ಅನುಮಾನ ಖಚಿತ. ಇದು ಡೆವಲಪರ್‌ಗಳಿಗೆ ಹಿಂದಿನಿಂದಲೂ ಗೊತ್ತಿರುವ ನಡವಳಿಕೆ, ಹೊಸ ದೂರು ಬೇಕಿಲ್ಲ. ಲೆಕ್ಕವನ್ನು ರೂಮ್ ಡೇಟಾಬೇಸ್‌ಗೆ, ಸಣ್ಣಪುಟ್ಟ ಸೆಟ್ಟಿಂಗ್‌ಗಳನ್ನು ಡೇಟಾಸ್ಟೋರ್‌ಗೆ ಸಾಗಿಸಿ; ಎರಡೂ ಆಂಡ್ರಾಯ್ಡ್ ಆ್ಯಪ್‌ಗಳಲ್ಲಿ ಮಾಹಿತಿ ಉಳಿಸುವ ಸಾಧನಗಳು.

ಟ್ರೇಸ್ ಬೇರೆಯೇ ಕಥೆ ಹೇಳಿದರೆ? ನಿಮ್ಮ ಕೋಡ್‌ನ ಒಂದು ಸಾಲೂ ಅದರಲ್ಲಿಲ್ಲದಿದ್ದರೆ, ಆ ದೋಷವೊಂದನ್ನೇ ತೋರಿಸುವ ಪುಟ್ಟ ಆ್ಯಪ್ ಬರೆಯಿರಿ. ಎಮ್ಯುಲೇಟರ್‌ನಲ್ಲೂ (ಕಂಪ್ಯೂಟರ್‌ನಲ್ಲಿ ಓಡುವ ಅಣಕು ಫೋನ್) ಅದು ಸಿಕ್ಕಿಬಿದ್ದರೆ ಗೂಗಲ್‌ನ ಇಶ್ಯೂ ಟ್ರ್ಯಾಕರ್‌ನಲ್ಲಿ ದೂರು ದಾಖಲಿಸಿ. ಒಂದೇ ಕಂಪನಿಯ ಫೋನ್‌ಗಳಲ್ಲಿ ಮಾತ್ರ ಕಾಣಿಸಿದರೆ ಆ ಕಂಪನಿಗೆ ಬರೆಯಿರಿ. ‘ಆ್ಯಪ್ ಹ್ಯಾಂಗ್ ಆಗುತ್ತದೆ, ದಯವಿಟ್ಟು ಸರಿಮಾಡಿ’ ಎಂಬ ದೂರಿನಿಂದ ಯಾರಿಗೂ ಏನೂ ಮಾಡಲಾಗುವುದಿಲ್ಲ. ಯಾವ ಬಟನ್ ಒತ್ತಿದಿರಿ, ಏನಾಗಬೇಕಿತ್ತು, ಏನಾಯಿತು, ಆಂಡ್ರಾಯ್ಡ್ ಆವೃತ್ತಿ ಯಾವುದು, ಬಿಲ್ಡ್ ನಂಬರ್ ಎಷ್ಟು ಎಂಬುದನ್ನು ಬರೆದು ಪುಟ್ಟ ಆ್ಯಪ್‌ನ ಕೋಡ್ ಜೋಡಿಸಿ.

ಇನ್ನೊಂದು ವಿಷಯದಲ್ಲಿ ಮಾತ್ರ ಉದಾಸೀನ ಬೇಡವೇ ಬೇಡ. ಬಗ್ ರಿಪೋರ್ಟ್‌ನಲ್ಲಿ ಫೋನಿನ ಮಾಲೀಕರ ಖಾತೆ, ಅವರು ಹಾಕಿಕೊಂಡಿರುವ ಆ್ಯಪ್‌ಗಳು, ವೈಫೈ ಹೆಸರು ಎಲ್ಲವೂ ಇರಬಹುದು. ನಂಬಿ ಫೋನ್ ಕೊಟ್ಟವರ ಆ ಫೈಲನ್ನು ಎಲ್ಲರೂ ನೋಡುವ ದೂರಿಗೆ ಅಂಟಿಸಬೇಡಿ. ಅವರಿಗೆ ತಿಳಿಸಿಯೇ ತೆಗೆಯಿರಿ, ಕೆಲಸ ಮುಗಿದ ಮೇಲೆ ಅಳಿಸಿ.

ಗೂಗಲ್ ದೋಷ ಸರಿಪಡಿಸಿದರೂ ಅದು ಸಾಮಾನ್ಯವಾಗಿ ಮುಂದಿನ ಆವೃತ್ತಿಗಳಲ್ಲಿ ಬರುತ್ತದೆ. ನಿಮ್ಮ ದಕ್ಕೆಯ ಹಳೆಯ ಫೋನ್‌ಗಳಿಗೆ ಆ ಆವೃತ್ತಿ ಬರುವ ಭರವಸೆ ಇಲ್ಲ. ಹಾಗಾಗಿ ದೂರು ಕೊಟ್ಟ ಮೇಲೂ ಆ್ಯಪ್‌ನಲ್ಲಿ ಬಳಸುದಾರಿ ಹುಡುಕುವುದು ನಿಮ್ಮದೇ ಹೊಣೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ದಡ ಸೇರಿರುತ್ತವೆ. ಡೇಟಾಬೇಸ್ ಬದಲಿಸಲು ಅದೇ ಸೂಕ್ತ ಸಮಯ. ಹಳೆಯ ಫೈಲ್ ಅಳಿಸುವ ಮುನ್ನ ಎರಡೂ ಕಡೆಯ ಒಟ್ಟು ಮೊತ್ತ ತಾಳೆಯಾಗುತ್ತದೆಯೇ ನೋಡಿ.