ಗ್ಡಾನ್ಸ್ಕ್ ಪತ್ರಾಗಾರದ ಕಡತ ಜರ್ಮನ್‌ನಲ್ಲಿ ಏಕೆ?

ಪೋಲೆಂಡಿನ ಸರ್ಕಾರಿ ಪತ್ರಾಗಾರದಲ್ಲಿ 1890ರ ಜನನ ದಾಖಲೆ ಜರ್ಮನ್‌ನಲ್ಲಿ ಏಕಿದೆ ಎಂದು ಕೇಳಿದ್ದೀರಿ. ಆಗ ಗ್ಡಾನ್ಸ್ಕ್ ನಗರ ಜರ್ಮನಿಯ ಭಾಗವಾಗಿದ್ದ ಪ್ರಷ್ಯ ರಾಜ್ಯದ ಕೈಯಲ್ಲಿತ್ತು. ಅಲ್ಲಿ ನಾಗರಿಕ ನೋಂದಣಿಯನ್ನು 1874ರಲ್ಲಿ ಆರಂಭಿಸಿದವರು ಪ್ರಷ್ಯನ್ನರೇ; 1901ರಲ್ಲಿ ಪಶ್ಚಿಮ ಪ್ರಷ್ಯ ಪ್ರಾಂತ್ಯಕ್ಕೆಂದು ಈ ಪತ್ರಾಗಾರವನ್ನು ತೆರೆದವರೂ ಅವರೇ. 1920ರಲ್ಲಿ ಅದು, ಯಾವ ದೇಶಕ್ಕೂ ಸೇರದೆ ಸ್ವತಂತ್ರ ನಗರವಾದ ಗ್ಡಾನ್ಸ್ಕ್‌ನ ಪಾಲಾಯಿತು, 1939ರಲ್ಲಿ ಮತ್ತೆ ಜರ್ಮನಿಯ ಪಾಲು. ಯುದ್ಧದ ಹೊತ್ತಿನಲ್ಲಿ ಬಹಳಷ್ಟು ಕಡತಗಳನ್ನು ಬೇರೆಡೆಗೆ ಸಾಗಿಸಿದ್ದರು. 1945ರಲ್ಲಿ ಕಟ್ಟಡಕ್ಕೇ ಬೆಂಕಿ ಬಿತ್ತು. ಆಮೇಲಷ್ಟೇ ಅದು ಪೋಲೆಂಡಿನದಾಯಿತು. ಆಳುವವರು ಬದಲಾದರೆಂದು ಹಳೆಯ ಕಡತದ ಭಾಷೆ ಬದಲಾದೀತೇ?

ಅಂದ ಹಾಗೆ, ನಿಮ್ಮ ಪ್ರತಿಯಲ್ಲಿ ಅಚ್ಚಾದ ನಮೂನೆಯನ್ನು ಸುಲಭವಾಗಿ ಓದಬಹುದು. ಖಾಲಿ ಜಾಗ ತುಂಬಿದ ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹ ಮಾತ್ರ ಇಂದಿನ ಜರ್ಮನರಿಗೂ ತಲೆನೋವು. ಮೊದಲು ಆ ಲಿಪಿಯ ಅಕ್ಷರಪಟ್ಟಿಯೊಂದನ್ನು ಪಕ್ಕದಲ್ಲಿಟ್ಟುಕೊಳ್ಳಿ.