1943ರ ತಾಮ್ರದ ಸೆಂಟ್: ಮೊದಲು ಅಯಸ್ಕಾಂತ ಹಿಡಿಯಿರಿ

ಹೊಸದಾಗಿ ಕೊಂಡ 1943ರ ಲಿಂಕನ್ ಸೆಂಟ್ (ಲಿಂಕನ್ ಮುಖವಿರುವ ಅಮೆರಿಕದ ಒಂದು ಸೆಂಟ್ ನಾಣ್ಯ) ತಾಮ್ರದ ಬಣ್ಣದಲ್ಲಿದೆ, ಅಸಲಿಯೇ ಅಂತ ಕೇಳಿದ್ದೀರಿ. ಅಯಸ್ಕಾಂತಕ್ಕೆ ಅಂಟಿದರೆ ಅದು ತಾಮ್ರ ಲೇಪಿಸಿದ ಉಕ್ಕಿನ ನಾಣ್ಯ. ಯುದ್ಧಕ್ಕೆ ತಾಮ್ರ ಬೇಕಾಗಿ ಆ ವರ್ಷ ಸತು ಲೇಪಿಸಿದ ಉಕ್ಕಿನಲ್ಲೇ ಸೆಂಟ್ ಅಚ್ಚು ಹಾಕಿದ್ದರು; ಕೆಲವೇ ಕೆಲವು ಮಾತ್ರ ತಪ್ಪಿ ಕಂಚಿನಲ್ಲಿ ಅಚ್ಚಾದವು, 'ತಾಮ್ರದ ಸೆಂಟ್' ಅನ್ನುವುದು ಇವನ್ನೇ. ಅಂಟದಿದ್ದರೆ ತೂಗಿ: ಕಂಚಿನದು 3.11 ಗ್ರಾಂ ಆಸುಪಾಸು, ಉಕ್ಕಿನದು 2.7. ತೂಕವೊಂದನ್ನೇ ನಂಬಬೇಡಿ. 1948ರ ನಾಣ್ಯದ 8ರ ಎಡಭಾಗ ಕೆರೆದು 3 ಮಾಡಿದ್ದೂ ಅಷ್ಟೇ ತೂಗುತ್ತದೆ. ಭೂತಗನ್ನಡಿಯಲ್ಲಿ 3ರ ಬಾಲ ನೋಡಿ. ಅಸಲಿಯಲ್ಲಿ ಅದು ಪಕ್ಕದ ಅಂಕಿಗಳ ಬುಡಕ್ಕಿಂತ ಕೆಳಗೆ ಉದ್ದಕ್ಕೆ ಇಳಿದಿರುತ್ತದೆ. ಕೆರೆದದ್ದರಲ್ಲಿ ಮೊಂಡು, ಪಕ್ಕದಲ್ಲಿ ಸಣ್ಣ ಗೀರುಗಳು. ಇಷ್ಟೂ ಸರಿಯಿದ್ದರೆ ದಯವಿಟ್ಟು ಉಜ್ಜಬೇಡಿ, ಹುಣಸೆಹಣ್ಣಂತೂ ಬೇಡವೇ ಬೇಡ. ಅಂಚು ಹಿಡಿದೆತ್ತಿ, ಪಿವಿಸಿ (ಒಂದು ಬಗೆಯ ಪ್ಲಾಸ್ಟಿಕ್) ಇಲ್ಲದ ಕವರಿಗೆ ಹಾಕಿ, ನಾಣ್ಯಗಳ ಅಸಲಿತನ ಪರೀಕ್ಷಿಸುವ ಸಂಸ್ಥೆಗಳಾದ ಪಿಸಿಜಿಎಸ್ ಅಥವಾ ಎನ್‌ಜಿಸಿಗೆ ಕಳಿಸಿ.